ಎರಡು ಕವಳದ ದಾರಿ

ನಾನಿರುವ ಸೀಮೆಯ ಚಂದವನ್ನು ನಾನು ಬೇರೆಯವರ ಬಾಯಿಂದ ಕೇಳಿ ತಿಳಿದವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನನ್ನ ಹಿತ್ತಲಲ್ಲಿ ಇಡೀ ಸಮುದ್ರವೇ ಬಿದ್ದಿತ್ತು. ಹೊನ್ನಾವರದಲ್ಲಿ ಎಂಟು ವರ್ಷ ಗುಮಾಸ್ತಿಕೆ ಮಾಡಿದರೂ ಅದನ್ನು ಬೇಕೆಂದೇ ಹೋಗಿ ನೋಡಿದ್ದು ಎರಡೋ ಮೂರೋ ಸಲ, ಅದೂ ಗ್ರಹಣದ ಸ್ನಾನಕ್ಕೆ. ಕುಮಟೆ ಎಂದರೆ ನನ್ನ ಪಾಲಿಗೆ ಮಾವನ ಮನೆಯ ಜಗುಲಿ. ಭಟ್ಕಳ ಎಂದರೆ ಬಸ್ಸು ನಿಂತಾಗ ಕಿಟಕಿಯಿಂದ ಕೈಚಾಚಿ ಕೊಳ್ಳುವ ಮಲ್ಲಿಗೆ ದಂಡೆ. ಆ ದಂಡೆಯನ್ನು ತಂದು ಕೊಟ್ಟರೆ ನನ್ನ ಹೆಂಡತಿ ಭಾಗೀರಥಿ ಮುಡಿದುಕೊಂಡು, "ಈ ಮಲ್ಲಿಗೆ ಬೆಳೆವ ಊರಿಗೆ ನಿಂಗ ಎನ್ನ ಕರ್ಕಂಡು ಹೋಪ್ದು ಯಾವಾಗ?" ಎಂದು ಕೇಳುತ್ತಿದ್ದಳು. ನನ್ನದು ಒಂದೇ ಉತ್ತರ. "ಖಾಯಂ ಆಗ್ಲಿ, ಎಲ್ಲ ತೋರಿಸ್ತೆ."

ಈ ಖಾಯಂ ಎಂಬುದು ನಮ್ಮ ಮನೆಯ ಮೂರನೆಯ ಸದಸ್ಯ. ನಾನು ಎಂಟು ವರ್ಷದಿಂದ ಹಂಗಾಮಿ ನೌಕರ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ, ಅದರ ಮಾನ ನನ್ನ ಕೈಯಲ್ಲಿದೆ. ಆರು ತಿಂಗಳಿಗೊಮ್ಮೆ ಮೇಲಿನಿಂದ ಕಾಗದ ಬಂದು ನನ್ನನ್ನು ಇನ್ನಾರು ತಿಂಗಳು ಬದುಕಿಸುತ್ತಿತ್ತು. ಒಂದು ಸಲ ಆ ಕಾಗದ ಬರದೇ ಹೋದರೆ ಊರಿಗೆ ಹಿಂದಿರುಗಿ ಅಣ್ಣನ ಕೈಕೆಳಗೆ ತೋಟಕ್ಕೆ ಸೊಪ್ಪು ಹೊರಬೇಕು. ಹೀಗಾಗಿ ಸೋರುವ ಹಂಚು, ಕಿರ್ರೆನ್ನುವ ಬಾಗಿಲು, ನನ್ನ ದವಡೆ ಹಲ್ಲಿನ ನೋವು, ಭಾಗೀರಥಿಗೆ ತೋರಿಸಬೇಕಾದ ಲೋಕ, ಎಲ್ಲವನ್ನೂ ಖಾಯಮ್ಮಿನ ಆಚೆಗೆ ಮುಂದೂಡಿ ನಾನು ನೆಮ್ಮದಿಯಾಗಿದ್ದೆ.

ಏಕೀಕರಣವಾಗಿ ನಾಲ್ಕೈದು ವರ್ಷವಾಗಿತ್ತು. ನಮ್ಮನ್ನು ಮುಂಬಯಿಯಿಂದ ಬಿಡಿಸಿ ಮೈಸೂರಿಗೆ ಸೇರಿಸಿದ ಮೇಲೆ, ಈ ಹೊಸ ಸೀಮೆಯಲ್ಲಿ ಏನೇನಿದೆ ಎಂದು ತಿಳಿಯುವ ಕುತೂಹಲ ಮೇಲಿನವರಿಗೆ ಹುಟ್ಟಿರಬೇಕು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕರಾವಳಿಯಲ್ಲಿ ಪ್ರೇಕ್ಷಣೀಯ ಸ್ಥಳಗಳು ಯಾವುವು, ರಸ್ತೆಯಿಂದ ಎಷ್ಟು ದೂರ, ಕಾಲುದಾರಿ ಹೇಗಿದೆ, ಒಂದು ವಾರದಲ್ಲಿ ವರದಿ ಕಳಿಸಿ ಎಂದು ಕಾಗದ ಬಂತು. ಅದು ನನ್ನ ಮೇಜಿಗೆ ಬಂತು. ಒಂದು ವಾರದಲ್ಲಿ ಮೂರು ತಾಲೂಕಿನ ಗುಡ್ಡ ಹತ್ತಿ ಇಳಿಯಲು ನಾನೇನು ಮಂಗನೇ? ನಮ್ಮ ಕಚೇರಿಯಲ್ಲಿ ಎಲ್ಲ ವರದಿಗಳೂ "ಸ್ಥಳವನ್ನು ಖುದ್ದು ಪರಿಶೀಲಿಸಲಾಗಿ" ಎಂದೇ ಶುರುವಾಗುತ್ತಿದ್ದವು. ಕಾಗದಕ್ಕೆ ಶ್ರೀ ಹಾಕಿದ ಹಾಗೆ ಅದು. ಶ್ರೀ ಹಾಕಿದವರೆಲ್ಲ ಲಕ್ಷ್ಮಿಯನ್ನು ಕಂಡವರೇನಲ್ಲ. ನಾನೂ ಹಾಗೆ ಬರೆದು, ಪಟ್ಟೆವಾಲ ತಿಮ್ಮಪ್ಪನನ್ನು ಕರೆದೆ.

ತಿಮ್ಮಪ್ಪ ಕಾಸರಕೋಡದ ಕಡೆಯವನು. ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂರುವುದು ಅವನ ಕೆಲಸ, ಕವಳ ಜಗಿಯುವುದು ಅವನ ಬದುಕು. ಹರೆಯದಲ್ಲಿ ಅವನು ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಹತ್ತದ ಗುಡ್ಡವಿರಲಿಲ್ಲ. ಅವುಗಳಲ್ಲಿ ಒಂದನ್ನು, ಕಾಸರಕೋಡದ ತೆಂಕಕ್ಕಿರುವ ಗಾಳಿಗುಡ್ಡವನ್ನು, ಅವನು ಬಹಳ ಹೊಗಳಿದ. ತುದಿಯಲ್ಲಿ ನಿಂತರೆ ಶರಾವತಿ ಸಮುದ್ರ ಸೇರುವ ಅಳಿವೆಯೂ ಹೊಳೆಯ ನಡುವಿನ ದ್ವೀಪ ಮಾವಿನಕುರ್ವೆಯ ತೆಂಗೂ ಒಟ್ಟಿಗೇ ಕಾಣುತ್ತವಂತೆ. "ರಸ್ತೆಯಿಂದ ಎಷ್ಟು ದೂರ?" ಎಂದು ಪೆನ್ನು ಹಿಡಿದು ಕೇಳಿದೆ. "ದೂರ ಎಂತದು ಹೆಗಡೇರೆ, ಹತ್ರವೇ. ಎರಡು ಕವಳದ ದಾರಿ" ಎಂದ.

ನಮ್ಮ ಕಡೆ ದಾರಿಯನ್ನು ಹೀಗೆ ಅಳೆಯುವುದು ಹೊಸತಲ್ಲ. ಬಾಯಿಗೆ ಹಾಕಿದ ಎಲೆಯಡಿಕೆ ಜಗಿದು ಮುಗಿಯುವಷ್ಟು ನಡೆದರೆ ಅದು ಒಂದು ಕವಳದ ದಾರಿ. ಆದರೆ ಸರಕಾರಕ್ಕೆ ಕವಳ ಎಂದು ಬರೆಯಲಾಗುತ್ತದೆಯೇ? ನಾನು ಶಾಸ್ತ್ರೀಯವಾಗಿಯೇ ಹೊರಟೆ. ಒಂದು ಕವಳ ಹಾಕಿಕೊಂಡು, ಕಚೇರಿಯ ಬಾಗಿಲಿಂದ ಬಾವಿಯವರೆಗೆ, ಬಾವಿಯಿಂದ ಬಾಗಿಲಿಗೆ ನಡೆದೆ. ಒಂದೂವರೆ ಫರ್ಲಾಂಗಿಗೆ ಕವಳ ಮುಗಿಯಿತು. ಎರಡಕ್ಕೆ ಮೂರು ಫರ್ಲಾಂಗು. ಅಂಕಿ ಚೊಕ್ಕವಾಗಿ ಬಂದದ್ದು ನೋಡಿ ಹುಮ್ಮಸ್ಸು ಹುಟ್ಟಿ, "ದಾರಿ ಸುಗಮವಾಗಿದ್ದು ವೃದ್ಧರೂ ಸುಲಭವಾಗಿ ಹೋಗಬಹುದಾಗಿದೆ" ಎಂದು ಇನ್ನೊಂದು ಸಾಲು ಸೇರಿಸಿದೆ. ಆ ಸಾಲನ್ನು ನನ್ನಿಂದ ಯಾರೂ ಕೇಳಿರಲಿಲ್ಲ.

ವರದಿ ಹೋಯಿತು, ನಾನು ಮರೆತೆ. ಮೂರು ತಿಂಗಳಲ್ಲಿ ಹೊಸ ಸಾಹೇಬರು ಬಂದರು. ಮೈಸೂರಿನ ಕಡೆಯವರು, ಮಾತು ಮೃದು, ಕನ್ನಡಕದ ಹಿಂದಿನ ಕಣ್ಣು ಮಾತ್ರ ಮೃದುವಲ್ಲ. ಬಂದ ವಾರವೇ ನನ್ನನ್ನು ಕರೆಸಿದರು. ಮೇಜಿನ ಮೇಲೆ ಎರಡು ಕಾಗದ. ಒಂದು ನನ್ನ ವರದಿ, ಇನ್ನೊಂದು ನನ್ನ ಖಾಯಂ ಪತ್ರ. "ತುಂಬ ಚೆನ್ನಾಗಿ ಬರೆದಿದ್ದೀರಿ ಕಣ್ರೀ. ಗಾಳಿಗುಡ್ಡದ ಮೇಲೆ ಒಂದು ತಂಗುಮನೆ ಕಟ್ಟಿಸಬಹುದು ಅಂತ ಮೇಲಿನವರ ಯೋಚನೆ. ನಾಳಿದ್ದು ಭಾನುವಾರ ನೋಡ್ಕೊಂಡು ಬರೋಣ. ನಮ್ಮ ತಾಯಿಯೂ ಬರ್ತಾರೆ, ಅವರು ಸಮುದ್ರವನ್ನೇ ನೋಡಿಲ್ಲ. ವೃದ್ಧರೂ ಹೋಗಬಹುದು ಅಂತ ನೀವೇ ಬರೆದಿದ್ದೀರಲ್ಲ. ಬಂದ ಮೇಲೆ ಇದಕ್ಕೂ ಸಹಿ ಹಾಕಿಬಿಡ್ತೀನಿ" ಎಂದರು. ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದೆ. ಮನೆಯಲ್ಲಿ ಹೇಳಿದರೆ ಭಾಗೀರಥಿ ಅನ್ನ ಬಡಿಸುತ್ತಿದ್ದವಳು ಸೌಟು ನಿಲ್ಲಿಸಿದಳು. "ಎನ್ನ ಕರ್ಕಂಡು ಹೋಪಲೆ ಪುರ್ಸೊತ್ತು ಇಲ್ಲೆ. ಸಾಹೇಬರ ಆಯಿನ ಕರ್ಕಂಡು ಹೋಪಲೆ ಇದ್ದು." ಅಂದು ನನಗೆ ಎರಡನೇ ಸಲದ ಸಾರು ಬರಲಿಲ್ಲ.

ಭಾನುವಾರ ಬೆಳಿಗ್ಗೆ ತಾರಿಯ ದೋಣಿಯಲ್ಲಿ ಹೊಳೆ ದಾಟಿ ಕಾಸರಕೋಡಕ್ಕೆ ಇಳಿದು, ಒಣಮೀನಿನ ವಾಸನೆಗೆ ಸಾಹೇಬರು ಮೂಗು ಮುಚ್ಚಿಕೊಂಡು, ಗುಡ್ಡದ ಬುಡಕ್ಕೆ ಬಂದೆವು. ಮುಂದೆ ಕತ್ತಿ ಹಿಡಿದು ತಿಮ್ಮಪ್ಪ, ಹಿಂದೆ ಸಾಹೇಬರ ತಾಯಿ, ಅವರ ಹಿಂದೆ ಬೂಟು ಹಾಕಿದ ಸಾಹೇಬರು, ಕೊನೆಗೆ ಎಳನೀರಿನ ಚೀಲ ಹೊತ್ತ ನಾನು. ಎಪ್ಪತ್ತು ದಾಟಿದ ಆ ತಾಯಿ ಸಣ್ಣ ಜೀವ. ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ಗುಡ್ಡ ಅಂದ್ರೆ ದೇವರಿದ್ದ ಹಾಗಪ್ಪ" ಎಂದು ಬರಿಗಾಲಲ್ಲಿ ಹೊರಟರು. ತಿಮ್ಮಪ್ಪ ಸೊಂಟದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಹೊಗೆಸೊಪ್ಪು ಇಟ್ಟು ಮಡಿಸಿ ಬಾಯಿಗೆ ಹಾಕಿದ. ಅಜ್ಜಿಯೂ ಕೈಚಾಚಿ, ಹೊಗೆಸೊಪ್ಪು ಬೇಡವೆಂದು, ಒಂದು ಇಸಿದುಕೊಂಡರು. ನಡಿಗೆ ಶುರುವಾಯಿತು.

ಆ ದಾರಿಯ ಸೊಬಗನ್ನು ವರ್ಣಿಸಬೇಕಾದವನು ನಾನು. ಗೇರುಮರಗಳಿದ್ದವಂತೆ, ಕರಡದ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿತ್ತಂತೆ. ನಾನು ನೋಡಿದ್ದು ತಿಮ್ಮಪ್ಪನ ಕೆನ್ನೆಯೊಂದನ್ನೇ. ದಾರಿ ತಿರುಗಿದಲ್ಲೆಲ್ಲ ಅದು ಪಕ್ಕದಿಂದ ಕಾಣುತ್ತಿತ್ತು. ಮೂರು ಫರ್ಲಾಂಗು ದಾಟಿತು, ಅದು ಊದಿಕೊಂಡೇ ಇತ್ತು. ಒಂದು ಮೈಲು ದಾಟಿತು, ಅವನು ಕವಳವನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ವರ್ಗ ಮಾಡಿದ, ಅಷ್ಟೆ. ಆಗ ನನಗೆ ನನ್ನ ತಪ್ಪು ಹೊಳೆಯಿತು. ನನ್ನದು ಕಚೇರಿಯ ಕವಳ. ಸಾಹೇಬರು ಗಂಟೆ ಬಾರಿಸುವುದರೊಳಗೆ ಅಗಿದು ಉಗಿದು ಬಾಯಿ ತೊಳೆಯಬೇಕಾದ ಕವಳ. ತಿಮ್ಮಪ್ಪನದು ಗುಡ್ಡದ ಕವಳ, ಅದಕ್ಕೆ ನಿವೃತ್ತಿಯೇ ಇಲ್ಲ. "ಇನ್ನೆಷ್ಟು ದೂರ ರೀ?" ಎಂದು ಸಾಹೇಬರು ಮೂರನೇ ಸಲ ಕೇಳಿದಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು. ನಾನು ದೇವರ ಮೇಲೆ ಭಾರ ಹಾಕಿ, "ಇದೇ ಸರ್, ಈ ತಿರುವು" ಎಂದೆ. ತಿರುವಿನ ಆಚೆ ಇನ್ನೊಂದು ಗುಡ್ಡ ಕಾದು ನಿಂತಿತ್ತು. ತಿಮ್ಮಪ್ಪ ಆಗ ಮೊದಲನೇ ಕವಳ ಉಗಿದು, ನಿಧಾನಕ್ಕೆ ಎರಡನೆಯದನ್ನು ಮಡಿಸತೊಡಗಿದ. ಅಜ್ಜಿಯೂ ಮತ್ತೊಂದು ಇಸಿದುಕೊಂಡರು. ಅಣ್ಣನ ತೋಟದ ಸೊಪ್ಪಿನ ಹೊರೆ ನನ್ನ ತಲೆಯ ಮೇಲೆ ಕೂತಂತೆಯೇ ಆಯಿತು.

ಕೊನೆಗೂ ತುದಿ ಬಂತು. ಮರಗಳು ಮುಗಿದು ಚಿರೆಕಲ್ಲಿನ ಬಯಲು, ಬಯಲು ಮುಗಿದಲ್ಲಿ ನೀರು. ಬಡಗಕ್ಕೆ ಅಳಿವೆಯ ಮರಳದಿಬ್ಬ, ಮಾವಿನಕುರ್ವೆಯ ಹಸಿರು, ಅಕ್ಕಿಕಾಳು ಚೆಲ್ಲಿದ ಹಾಗೆ ಕಾಸರಕೋಡದ ದೋಣಿಗಳು. ನಾನು ಕೆಲಸ, ಸಾಹೇಬರು, ಸೊಪ್ಪಿನ ಹೊರೆ ಎಲ್ಲ ಮರೆತು ನಿಂತೆ. ಎಂಟು ವರ್ಷ ಇದರ ಮಗ್ಗುಲಲ್ಲಿ ಮಲಗಿದ್ದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಹೆಂಡತಿಯನ್ನು ಕರೆತರಲಿಲ್ಲವಲ್ಲ ಎಂದು ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅಜ್ಜಿ ಕೈಮುಗಿದು ನಿಂತಿದ್ದರು. ಸಾಹೇಬರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೆಗಡೆಯವರೇ, ನೀವು ಈ ಮೊದಲು ಇಲ್ಲಿಗೆ ಬಂದಿದ್ದಿರಾ?"

"ಇಲ್ಲ ಸರ್."

"ಮತ್ತೆ ಖುದ್ದು ಪರಿಶೀಲಿಸಲಾಗಿ ಅಂತ ಬರೆದಿದ್ದೀರಿ?"

"ಕವಳವನ್ನು ಪರಿಶೀಲಿಸಿದ್ದೆ ಸರ್" ಎಂದು, ಬಾಗಿಲಿಂದ ಬಾವಿಯವರೆಗಿನ ಕಥೆಯನ್ನೆಲ್ಲ ಹೇಳಿಬಿಟ್ಟೆ. ಸಮುದ್ರದ ಎದುರು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಜ್ಜಿ ನಗುತ್ತ ನಗುತ್ತ ಬಂಡೆಯ ಮೇಲೆ ಕೂತೇಬಿಟ್ಟರು. "ಅವರನ್ನ ಬೈಬೇಡ ಕಣೋ. ಎರಡು ಸಲ ಎಲೆ ಅಡಿಕೆ ಹಾಕ್ಕೊಂಡೆ, ಬಂದೇಬಿಡ್ತಲ್ಲ. ತಪ್ಪೇನಿದೆ?" ಎಂದರು. ಸಾಹೇಬರು ನಗಲಿಲ್ಲ. "ಉಳಿದ ಜಾಗಗಳಿಗೂ ಇದೇ ಅಳತೆಯೇನ್ರೀ?" ಎಂದು ಕೇಳಿದರು. "ಕೆಲವಕ್ಕೆ ಇದೇ ಸರ್. ಕುಮಟೆಯ ಕಡೆಯದು ನಮ್ಮ ಮಾವನವರು ಹೇಳಿದ್ದು." "ಅವರು ಅಳೆದು ನೋಡಿದ್ದರೋ?" "ಅವರು ಜಗುಲಿ ಇಳಿದವರಲ್ಲ ಸರ್." ಅಷ್ಟು ಹೊತ್ತಿಗೆ ಅವರಿಗೂ ನಗು ತಡೆಯಲಾಗಲಿಲ್ಲ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆದರೆ ಖಾಯಂ ಪತ್ರ ಮೇಜಿನ ಮೇಲೆ ಹಾಗೆಯೇ ಉಳಿಯಿತು. ಮೂರೂ ತಾಲೂಕಿನ ಪ್ರತಿಯೊಂದು ಜಾಗಕ್ಕೂ ಕಾಲ್ನಡಿಗೆಯಲ್ಲಿ ಹೋಗಿ, ಸರಪಳಿ ಹಿಡಿದು ಅಳೆದು, ಹೊಸ ವರದಿ ಕೊಟ್ಟ ದಿನ ಸಹಿ ಎಂದರು. ಬೀಸುವ ದೊಣ್ಣೆ ತಪ್ಪಿತು ಎಂದು ನಾನು ಕೈಮುಗಿದೆ.

ಭಟ್ಕಳದ ಆಚೆಯ ಬೆಳಕೆಯಿಂದ ಕುಮಟೆಯವರೆಗೆ ಆ ಬೇಸಿಗೆಯಲ್ಲಿ ನಾನೂ ತಿಮ್ಮಪ್ಪನೂ ಅಳೆಯದ ಗುಡ್ಡವಿಲ್ಲ. ಗಾಳಿಗುಡ್ಡ ಮೂರು ಮೈಲು ಒಂದು ಫರ್ಲಾಂಗು ಬಂತು. ಅದನ್ನು ಹಾಗೆಯೇ ಬರೆದೆ, "ಏರು ಕಡಿದಾಗಿದೆ" ಎಂದೂ ಬರೆದೆ. ನನ್ನ ಖಾಯಂ ಪತ್ರಕ್ಕೆ ಸಹಿ ಬಿತ್ತು. ಅಷ್ಟು ದೂರ ಯಾರು ಹೋಗುತ್ತಾರೆ ಎಂದು ತಂಗುಮನೆಯ ಯೋಚನೆಯನ್ನು ಮೇಲಿನವರು ಕೈಬಿಟ್ಟರು. ತಿಮ್ಮಪ್ಪನಿಗೆ ಮಾತ್ರ ಬೇಸರವಾಯಿತು. "ಹತ್ರ ಇದ್ದ ಗುಡ್ಡನ ಸರಪಳಿ ಹಾಕಿ ದೂರ ಮಾಡ್ಬಿಟ್ರಿ ಹೆಗಡೇರೆ" ಎಂದು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಖಾಯಂ ಆದ ಮೊದಲ ಭಾನುವಾರ ಭಾಗೀರಥಿ ಬೆಳಿಗ್ಗೆಯೇ ಸೀರೆ ಉಟ್ಟು ಕೂತಿದ್ದಳು. ಎಂಟು ವರ್ಷದ ಮಾತು, ತಪ್ಪಿಸಿಕೊಳ್ಳಲು ನನ್ನಲ್ಲಿ ಇನ್ನು ಯಾವ ಕಾರಣವೂ ಉಳಿದಿರಲಿಲ್ಲ. ನಿಜವಾಗಿ ಕರೆದೊಯ್ಯುವ ಆಸೆಯೂ ಇತ್ತು. ಗುಡ್ಡದ ಬುಡದಲ್ಲಿ ನಿಂತು ಮೇಲೆ ನೋಡಿ, "ಎಷ್ಟು ದೂರ ಇದ್ದು?" ಎಂದು ಕೇಳಿದಳು. ಮೂರು ಮೈಲು ಒಂದು ಫರ್ಲಾಂಗು ಎಂದು ಸರಕಾರಕ್ಕೆ ಬರೆದುಕೊಟ್ಟವನು ನಾನೇ. ಹಾಗೆಂದರೆ ಇವಳು ಅಲ್ಲಿಂದಲೇ ಹಿಂದಿರುಗುತ್ತಾಳೆ ಎಂದು ಗೊತ್ತಿದ್ದವನೂ ನಾನೇ. "ಹತ್ರವೇ, ಎರಡು ಕವಳದ ದಾರಿ" ಎಂದೆ. ಅವಳು ತಲೆಯಾಡಿಸಿ, ತನ್ನ ಸಂಚಿಯಿಂದ ಒಂದು ಕವಳ ತೆಗೆದು ಬಾಯಿಗೆ ಹಾಕಿಕೊಂಡಳು.

ಎಂಟು ವರ್ಷ ಒಟ್ಟಿಗೆ ಸಂಸಾರ ಮಾಡಿದರೂ ಅವಳು ಎಷ್ಟು ಬೇಗ ಕವಳ ಮುಗಿಸುತ್ತಾಳೆ ಎಂದು ನಾನು ಖುದ್ದು ಪರಿಶೀಲಿಸಿರಲಿಲ್ಲ. ಅರ್ಧ ಮೈಲೂ ಆಗಿರಲಿಲ್ಲ, ಭಾಗೀರಥಿ ಒಂದು ಗೇರುಮರದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಎರಡೂ ಆತು. ಸಮುದ್ರ ಎಲ್ಲಿದ್ದು?" ಎಂದಳು. ನಾನು ಪಕ್ಕದಲ್ಲಿ ಕೂತು, ಮೂರನೆಯ ಎಲೆಗೆ ಸುಣ್ಣ ಸವರತೊಡಗಿದೆ.