ವಿಸಿಲ್ ಮೇಷ್ಟ್ರ ಕರಾರು

ಕಾಲೇಜಿನ ಓಟದ ಕೋಚ್ ಕೆಲಸ ಕಳೆದುಕೊಂಡದ್ದು ನಲವತ್ತು ನಿಮಿಷದ ಅಭ್ಯಾಸಕ್ಕೆ.

ಪರೀಕ್ಷೆ ವಾರದಲ್ಲಿ ಯಾರೂ ಮೈದಾನಕ್ಕೆ ಇಳಿಯಬಾರದು ಎಂಬುದು ಕಾಲೇಜಿನ ನಿಯಮ. ಆದರೆ ಭಾನುವಾರ ರಿಲೇ ಪಂದ್ಯ. ತಂಡದ ನಾಲ್ಕೂ ಹುಡುಗಿಯರು ಬೆಳಗಿನ ಐದೂವರೆಗೇ ಮನೆ ಬಾಗಿಲಿಗೆ ಬಂದು, "ಸಾರ್, ನಾವು ಬ್ಯಾಟನ್ ಬದಲಾಯಿಸೋದನ್ನ ಒಂದೇ ಒಂದು ಸಲ ನೋಡಿಬಿಡಿ" ಎಂದು ಗೋಗರೆದರು. ಕೋಚ್ ಹೋಗಿ ನೋಡಿದರು. ನೋಡಿ ಸುಮ್ಮನಿದ್ದರೆ ಆಗುತ್ತಿತ್ತು, ವಿಸಿಲ್ ಊದಿದರು. ಊರೆಲ್ಲ ಅವರನ್ನು ವಿಸಿಲ್ ಮೇಷ್ಟ್ರು ಎನ್ನುವುದು ಸುಮ್ಮನೆ ಅಲ್ಲ. ಮೈದಾನದ ಪಕ್ಕದ ಮನೆಯಲ್ಲಿ ಮಲಗಿದ್ದ ಪ್ರಿನ್ಸಿಪಾಲರು ಬಾಣಲೆಗೆ ಬಿದ್ದ ಸಾಸಿವೆಯಂತೆ ಹಾಸಿಗೆಯಿಂದ ಸಿಡಿದರು.

ಒಂಬತ್ತಕ್ಕೆಲ್ಲ ವಜಾ ಕಾಗದ ಬಂತು. ಹೇಳುವುದಿದ್ದರೆ ಮಧ್ಯಾಹ್ನ ಮೂರಕ್ಕೆ ಬಂದು ಹೇಳಬಹುದೆಂದು ಕೊನೆಯಲ್ಲಿ ಒಂದು ಸಾಲು ಇತ್ತು.

"ಐದು ವರ್ಷದ ಕರಾರು ಇದೆಯಲ್ರೀ, ಅದರಲ್ಲಿ ಏನಿದೆ?" ಎಂದಳು ಹೆಂಡತಿ.

ಮೇಷ್ಟ್ರು ತಲೆ ಕೆರೆದುಕೊಂಡರು. ನಾಲ್ಕು ವರ್ಷದ ಹಿಂದೆ ಗುಮಾಸ್ತ ಹೆಬ್ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಮೈದಾನಕ್ಕೆ ಓಡಿದ್ದರೇ ಹೊರತು ಓದಿರಲಿಲ್ಲ.

ಸುದ್ದಿ ಗೋಡೆ ದಾಟಿತು. ವಕೀಲರೊಬ್ಬರ ಬಳಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದ ಪಕ್ಕದ ಮನೆಯ ಕೋರ್ಟ್ ತಾತ ಕರೆಯದೆಯೇ ಬಂದರು. ಎದುರು ಮನೆಯ ಟೈಲರಮ್ಮ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದರು. ಪೆಟ್ಟಿಗೆಯ ತಳದಿಂದ ಕರಾರು ಹೊರಬಂತು. ತಾತ ಓದುತ್ತ ಹೋದರು. ಮೂರನೇ ಪುಟಕ್ಕೆ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಮೇಷ್ಟ್ರೇ, ನಿಮಗೆ ಈಜು ಬರುತ್ತಾ?"

"ಇವರಿಗಾ?" ಹೆಂಡತಿಯೇ ಉತ್ತರ ಕೊಟ್ಟಳು. "ತಲೆಗೆ ನೀರು ಹಾಕ್ಕೊಳ್ಳುವಾಗಲೂ ಗೋಡೆ ಹಿಡ್ಕೊಳ್ತಾರೆ."

ಸುಳ್ಳಲ್ಲ. ಕಾಲೇಜಿನ ಹಿಂದೆ ಈಜುಕೊಳಕ್ಕೆಂದು ತೋಡಿ, ವರ್ಷಗಟ್ಟಲೆ ಕಪ್ಪೆಗಳಿಗೆ ಬಿಟ್ಟುಕೊಟ್ಟಿದ್ದ ಗುಂಡಿಯೊಂದಿತ್ತು. ಅದರಲ್ಲಿ ಮೊಣಕಾಲುದ್ದ ನೀರು ನಿಂತರೂ ಮೇಷ್ಟ್ರು ಸುತ್ತು ಬಳಸಿ ಹೋಗುತ್ತಿದ್ದರು. ಈಚೆಗೆ ಅದರ ಸುತ್ತ ತಗಡಿನ ಬೇಲಿ ಎದ್ದ ಮೇಲಂತೂ ಆ ಕಡೆ ತಲೆ ಹಾಕಿರಲಿಲ್ಲ.

"ಹಾಗಾದ್ರೆ ಗೆದ್ರಿ!" ತಾತ ತೊಡೆ ತಟ್ಟಿದರು. "ಇದು ಈಜು ಕೋಚ್‌ನ ಕರಾರು! ಟೈಪಾದ ಹಾಳೆ ದಂಡ ಆಗಬಾರದು ಅಂತ ಆ ಗುಮಾಸ್ತ ಹೆಸರು ಮಾತ್ರ ತಿದ್ದಿದ್ದಾನೆ. ನೀವು ಓಟದ ಕೋಚೇ ಅಲ್ಲ ಅಂದಮೇಲೆ ಮೈದಾನದ ನಿಯಮ ನಿಮಗೆಲ್ಲಿ ಬಂತು?"

"ತಪ್ಪಾಯ್ತು ಅಂತ ಕೇಳಿಕೊಂಡುಬಿಡ್ತೀನಿ ತಾತ. ಭಾನುವಾರ ಹುಡುಗಿಯರ ಜೊತೆ ಹೋಗೋಕೆ ಬಿಟ್ಟರೆ ಸಾಕು."

"ಅಳತೆ ತಪ್ಪಿದ್ದು ಅವರು, ಹೊಲಿಗೆ ನೀವ್ಯಾಕೆ ಬಿಚ್ಚಬೇಕು?" ಎಂದರು ಟೈಲರಮ್ಮ. ಅಲ್ಲಿಗೆ ಮೇಷ್ಟ್ರ ಬಾಯಿಗೂ ಹೊಲಿಗೆ ಬಿತ್ತು.

ಮೂರು ಗಂಟೆಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಮೇಷ್ಟ್ರಿಗಿಂತ ಮೊದಲು ತಾತನೇ ಕುರ್ಚಿ ಎಳೆದುಕೊಂಡರು.

"ಸಾರ್, ಇವರು ಪಾಲಿಸಬೇಕಾದ ನಿಯಮಗಳು ಈ ಕರಾರಿನಲ್ಲೇ ಇವೆ. ಒಂದು, ಸ್ನಾನ ಮಾಡದೆ ಕೊಳಕ್ಕೆ ಇಳಿಯಬಾರದು. ಇಳಿದಿದ್ದಾರಾ?"

"ಇಲ್ಲ."

"ಎರಡು, ಕೊಳದಲ್ಲಿ ಉಗುಳಬಾರದು. ಉಗುಳಿದ್ದಾರಾ?"

"ಇಷ್ಟು ದಿನ ಕೊಳವೇ ಇರ್ಲಿಲ್ಲವಲ್ರೀ!"

"ಅಂದ್ರೆ ಉಗುಳಿಲ್ಲ. ಬರ್ಕೊಳ್ಳಪ್ಪಾ," ಎಂದು ತಾತ ಗುಮಾಸ್ತನಿಗೆ ಹೇಳಿದರು. ಗುಮಾಸ್ತ ಬರೆದುಕೊಂಡ.

ಪ್ರಿನ್ಸಿಪಾಲರು ಕರಾರನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ನಡೆಯುತ್ತೆ ಅಂತೀರಾ ಮೇಷ್ಟ್ರೇ?"

"ಅಕ್ಷರ ಅಕ್ಷರವೂ ಸಾರ್," ಎಂದರು ಮೇಷ್ಟ್ರು. ದಾರಿಯುದ್ದಕ್ಕೂ ತಾತ ಹೇಳಿಕೊಟ್ಟಿದ್ದು ಅದನ್ನೇ.

"ಇನ್ನೂ ಒಂದು ವರ್ಷ ಇಬ್ಬರೂ ಮುರಿಯೋ ಹಾಗಿಲ್ಲ!" ತಾತ ಬೆರಳೆತ್ತಿದರು.

ಪ್ರಿನ್ಸಿಪಾಲರ ಮುಖ ಕಳೆದುಹೋದ ಚಪ್ಪಲಿ ಸಿಕ್ಕವರಂತೆ ಅರಳಿತು. "ವಜಾ ರದ್ದು. ಕರಾರಿಗೆ ಬದ್ಧ ಅಂತ ಇಬ್ಬರೂ ಸಹಿ ಹಾಕೋಣ."

ಗುಮಾಸ್ತ ಹೆಬ್ಬೆರಳಿಟ್ಟು ಜಾಗ ತೋರಿಸಿದ. ಮೇಷ್ಟ್ರು ಸಹಿ ಹಾಕಿದರು.

"ನಿಜ ಹೇಳ್ಬೇಕಂದ್ರೆ, ತಪ್ಪಾಯ್ತು ಅಂತ ಒಂದು ಮಾತು ಅಂದಿದ್ರೆ ಆ ಕಾಗದ ಹರಿದುಹಾಕ್ತಿದ್ದೆ," ಎಂದರು ಪ್ರಿನ್ಸಿಪಾಲರು. "ಆದ್ರೆ ಇದು ಇನ್ನೂ ಒಳ್ಳೇದಾಯ್ತು. ಮೂರು ತಿಂಗಳಿಂದ ಹುಡುಕಿದ್ರೂ ಈಜು ಕೋಚ್ ಸಿಕ್ಕಿರ್ಲಿಲ್ಲ." ಎದ್ದು ಕಿಟಕಿಯ ಪರದೆ ಸರಿಸಿದರು. ತಗಡಿನ ಬೇಲಿ ಹೋಗಿತ್ತು. ಕೊಳ ಅಂಚಿನವರೆಗೂ ತುಂಬಿ ನೀಲಿಯಾಗಿ ಹೊಳೆಯುತ್ತಿತ್ತು. "ಭಾನುವಾರ ಉದ್ಘಾಟನೆ. ಆಳದ ಕಡೆಯಿಂದ ಮೊದಲು ಹಾರೋದು ನೀವೇ. ನಾಲ್ಕನೇ ಪುಟ ನೋಡಿ, ಕೋಚ್ ಸ್ವತಃ ಮಾಡಿ ತೋರಿಸತಕ್ಕದ್ದು."

ಮೇಷ್ಟ್ರು ತಾತನ ಕಡೆ ನೋಡಿದರು. ತಾತ ನಾಲ್ಕನೇ ಪುಟ ಓದಿರಲಿಲ್ಲ. ಗೆದ್ದ ಮೇಲೆ ಮುಂದೆ ಓದುವ ರೂಢಿ ಅವರಿಗಿರಲಿಲ್ಲ.

"ಸಾರ್, ಭಾನುವಾರ ರಿಲೇ... ಹುಡುಗಿಯರ ಜೊತೆ ಯಾರು ಹೋಗ್ತಾರೆ?"

"ಓಟದ ಕೋಚ್ ಅಂತ ಯಾರನ್ನೂ ನಾವು ನೇಮಿಸಿಯೇ ಇಲ್ಲ ಅಂತ ಈಗ ತಾನೇ ಸಾಬೀತು ಮಾಡಿದ್ರಲ್ಲ. ಗುಮಾಸ್ತರು ಹೋಗಿಬರ್ತಾರೆ ಬಿಡಿ."

ಸಂಜೆ ಬಚ್ಚಲಿನಿಂದ ಗುಳುಗುಳು ಸದ್ದು ಕೇಳಿ ಹೆಂಡತಿ ಬಾಗಿಲು ನೂಕಿದಳು. ಮೇಷ್ಟ್ರು ಒಂದು ಕೈಯಲ್ಲಿ ಗೋಡೆ ಹಿಡಿದು ಬಕೆಟ್ಟಿನಲ್ಲಿ ಮುಖ ಮುಳುಗಿಸಿದ್ದರು. ಕೊರಳಿನ ವಿಸಿಲ್ ನೀರಿನ ಮೇಲೆ ತೇಲುತ್ತಿತ್ತು.

"ಏನ್ರೀ ಇದು?"

ಮೇಷ್ಟ್ರು ಮುಖವೆತ್ತಿ, ಮೂಗಿನಿಂದ ನೀರು ಸುರಿಸುತ್ತ ಹೇಳಿದರು: "ಅಭ್ಯಾಸ ಕಣೇ."

"ಪರೀಕ್ಷೆ ವಾರದಲ್ಲೇನ್ರೀ?"