ಜೋಕೆ ಸಾಹೇಬರು ಕಾಪಾಡಿದ ಮರ

“ನಾನಿರುವ ತನಕ ಈ ಮರದ ಒಂದು ಎಲೆಯೂ ಅಲುಗಾಡೋದಿಲ್ಲ!” ಎಂದು ಜೋಕೆ ಸಾಹೇಬರು ಅಂಗಳದ ನಡುವೆ ನಿಂತು ಎದೆ ತಟ್ಟಿಕೊಂಡರು.

“ಎಲೆ ಅಲುಗಾಡ್ಲಿ ರೀ, ಗಾಳಿ ಬೇಕು. ಮರ ಉಳಿದ್ರೆ ಸಾಕು,” ಎಂದಳು ಹೆಂಡತಿ.

ಸಾಹೇಬರು ಬಾಟಲಿ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಇಪ್ಪತ್ತೆರಡು ವರ್ಷಗಳಿಂದ “ಜೋಕೆ!” ಎನ್ನದೆ ಬಾಯಿ ತೆರೆದವರಲ್ಲ. ಕುಲುಮೆಯ ಹತ್ತಿರ ಹೋದವನಿಗೂ ಜೋಕೆ, ಕ್ಯಾಂಟೀನಿನಲ್ಲಿ ಚಹಾ ಹಿಡಿದವನಿಗೂ ಜೋಕೆ. ಮದುವೆಯ ದಿನ ಹೆಂಡತಿಯ ಕಿವಿಯಲ್ಲಿ ಅವರು ಪಿಸುಗುಟ್ಟಿದ ಮೊದಲ ಮಾತೂ “ಮೆಟ್ಟಿಲಿದೆ, ಜೋಕೆ” ಎಂಬುದೇ. ಅಸಲು ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಹೆಂಡತಿಯದು ಶಿಶುವಿಹಾರ. ಬೆಳಗ್ಗೆ ಎಂಟಕ್ಕೆ ಹನ್ನೆರಡು ಮಕ್ಕಳು ಬಂದರೆ ಅಪ್ಪ ಅಮ್ಮಂದಿರ ಕೆಲಸ ಮುಗಿಯುವ ತನಕ ಅವಳ ಪಾಲಿಗೆ. ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಹಾಗಾಗಿ ಆಟ, ಊಟ, ಅಳು, ನಿದ್ದೆ ಎಲ್ಲವೂ ಅಂಗಳದ ನೇರಳೆ ಮರದ ಕೆಳಗೇ. ಮಧ್ಯಾಹ್ನ ಹನ್ನೆರಡು ಚಾಪೆ ಹಾಸಿದರೆ ಹನ್ನೆರಡಕ್ಕೂ ನೆರಳು ಸಿಗುತ್ತಿತ್ತು. ಮಳೆಗಾಲಕ್ಕೆ ಇರಲಿ ಎಂದು ಅಂಗಳದ ಪಕ್ಕ ಒಂದು ದೊಡ್ಡ ಕೋಣೆ ಕಟ್ಟಿಸಲು ಒಪ್ಪಿದ್ದಳು. ಅವಳದು ಒಂದೇ ಷರತ್ತು.

“ಕೋಣೆ ಇಲ್ದೆ ಇಷ್ಟು ವರ್ಷ ನಡೆಸಿದ್ದೀನಿ. ಮರ ಇಲ್ದೆ ಒಂದು ದಿನವೂ ನಡೆಸೋಕಾಗಲ್ಲ. ಬೇಕಾದ್ರೆ ಯಾರನ್ನಾದ್ರೂ ತಿಳಿದವರನ್ನ ಕೇಳಿ.”

“ತಿಳಿದವರು! ಸುರಕ್ಷತೆ ಬಗ್ಗೆ ನನಗೇ ಪಾಠ ಹೇಳೋರು ಇನ್ನೂ ಹುಟ್ಟಿಲ್ಲ!”

ಮಾರನೆಯ ದಿನವೇ ಮರದ ಸುರಕ್ಷತೆ ಶುರುವಾಯಿತು. ಬುಡದಿಂದ ಸರಿಯಾಗಿ ಮೂರು ಅಡಿ ಬಿಟ್ಟು ತಗಡಿನ ಬೇಲಿ. ಬೇಲಿಗೆ ಕೆಂಪು ಬಿಳಿ ಪಟ್ಟಿ. ಕಾಂಡಕ್ಕೆ ಗೋಣಿಚೀಲ, ಅದರ ಮೇಲೆ ಹಳೇ ಹಾಸಿಗೆ, ಅದರ ಮೇಲೆ ಹಗ್ಗ. ಕೆಳಗಿನ ಕೊಂಬೆಗೊಂದು ಹಳದಿ ಹೆಲ್ಮೆಟ್! ಪಕ್ಕದಲ್ಲಿ ಕಪ್ಪು ಹಲಗೆ: ‘ಅಪಘಾತವಿಲ್ಲದ ದಿನಗಳು’. ದಿನಾ ಬೆಳಗ್ಗೆ ಸಾಹೇಬರೇ ಸೀಮೆಸುಣ್ಣದಲ್ಲಿ ಅಂಕಿ ತಿದ್ದುತ್ತಿದ್ದರು.

ಮೇಸ್ತ್ರಿ ಬಂದು ಬೇಲಿಯನ್ನು ಸುತ್ತು ಹಾಕಿ ನೋಡಿದ.

“ಸರ್, ಬೇಲಿ ಒಳಗೆ ಕಾಲಿಡಬಾರದು, ಸರಿ. ಆಚೆ?”

“ಆಚೆ ನಿಮ್ಮ ಸಾಮ್ರಾಜ್ಯ!”

ಸಾಮ್ರಾಟನಿಗೆ ಇನ್ನೇನು ಬೇಕು? ಲಾರಿ ಹಿಮ್ಮುಖವಾಗಿ ಬಂದು ಬೇಲಿಗೆ ಅಂಟಿಕೊಂಡೇ ನಿಂತಿತು. ಜಲ್ಲಿ, ಮರಳು, ಇಟ್ಟಿಗೆ ಎಲ್ಲ ಬೇಲಿಯ ಸುತ್ತ ಗುಡ್ಡೆಯಾದವು. ಕಾಂಕ್ರೀಟು ಕಲಸುವ ಯಂತ್ರವೂ ಅಲ್ಲೇ ಠಿಕಾಣಿ ಹೂಡಿತು. ಸಂಜೆ ಅದನ್ನು ತೊಳೆದ ಸಿಮೆಂಟಿನ ನೀರು ಬೇಲಿಯ ಅಡಿಯಿಂದ ಬುಡಕ್ಕೆ ಹರಿಯುತ್ತಿದ್ದರೆ ಸಾಹೇಬರಿಗೆ ಸಂತೋಷವೋ ಸಂತೋಷ. ಪುಕ್ಕಟೆ ನೀರಾವರಿ!

ಪಾಯ ತೋಡುವಾಗ ಮೇಸ್ತ್ರಿ ಕೂಗಿದ. ಬುಡದಿಂದ ಏಳು ಅಡಿ ದೂರದಲ್ಲಿ ತೊಡೆ ಗಾತ್ರದ ಬೇರು ಅಡ್ಡ ಬಂದಿತ್ತು. ಸಾಹೇಬರು ಟೇಪು ಹಿಡಿದು ಅಳೆದರು. ಎರಡು ಸಲ ಅಳೆದರು.

“ಏಳು ಅಡಿ. ಇದು ರಕ್ಷಿತ ಪ್ರದೇಶದ ಹೊರಗಿದೆ. ಕಡೀರಿ!”

ಒಳಗೆ ಮಕ್ಕಳಿಗೆ ಅನ್ನ ಕಲಸುತ್ತಿದ್ದ ಹೆಂಡತಿ ಕೊಡಲಿಯ ಸದ್ದಿಗೆ ಓಡಿ ಬಂದಳು. ಕಡಿದ ಬೇರು ಮಣ್ಣಿನ ಮೇಲೆ ಬಿದ್ದಿತ್ತು. ಕಡಿದ ಜಾಗ ಇನ್ನೂ ಒದ್ದೆಯಾಗಿತ್ತು.

“ಇದು ಯಾವ ಮರದ್ದು ರೀ?”

“ನಮ್ಮ ಮರದ್ದೇ. ಆದ್ರೆ ನಮ್ಮ ವ್ಯಾಪ್ತಿಗೆ ಬರಲ್ಲ.”

“ನಿಮ್ಮ ಕಾಲು ನಿಮ್ಮ ವ್ಯಾಪ್ತಿಗೆ ಬರುತ್ತಾ?”

“ಒಂದು ಬೇರು ಹೋದ್ರೆ ಮರ ಸಾಯುತ್ತಾ? ಎಷ್ಟು ಬೇರಿರುತ್ತೆ ಅದಕ್ಕೆ!” ಎಂದು ಸಾಹೇಬರು ನಕ್ಕರು. ಅಂದು ಹಲಗೆಯ ಮೇಲೆ ಇಪ್ಪತ್ಮೂರು ಇದ್ದದ್ದು ಮಾರನೆಯ ದಿನ ಇಪ್ಪತ್ನಾಲ್ಕಾಯಿತು. ಆಮೇಲೆ ಇನ್ನೂ ಮೂರು ಬೇರು ಸಿಕ್ಕವು. ಅವೂ ವ್ಯಾಪ್ತಿಗೆ ಬರಲಿಲ್ಲ.

ಹೆಂಡತಿಯ ಮುಖ ಗಂಟಿಕ್ಕಿದ್ದು ಬಿಚ್ಚಲೇ ಇಲ್ಲ. ಅವಳನ್ನು ಸಮಾಧಾನ ಮಾಡಬೇಕಲ್ಲ! ಪಾಯದಿಂದ ತೆಗೆದ ಮಣ್ಣನ್ನೆಲ್ಲ ಸಾಹೇಬರು ಬೇಲಿಯೊಳಗೆ ಸುರಿಸಿದರು. ಸೊಂಟದೆತ್ತರಕ್ಕೆ ಮಣ್ಣು, ಸುತ್ತ ಕಲ್ಲಿನ ಕಟ್ಟೆ, ಮೇಲೆ ಸಿಮೆಂಟಿನ ಗಿಲಾವು. “ಬೇರಿಗೆ ಶಾಲು ಹೊದಿಸಿದ್ದೀನಿ ನೋಡೇ! ಮಕ್ಕಳು ಕೂತ್ಕೊಳ್ಳೋಕೂ ಆಯ್ತು!” ಇಷ್ಟು ಅಕ್ಕರೆಯಿಂದ ಯಾರೂ ಯಾರನ್ನೂ ಹೂತದ್ದಿಲ್ಲ.

ಕೋಣೆ ಮುಗಿಯಿತು. ಹಲಗೆಯ ಮೇಲೆ ನೂರ ಹದಿನೆಂಟು. ಮೇಸ್ತ್ರಿಗೆ ಗೀರೂ ಬಿದ್ದಿರಲಿಲ್ಲ, ಕಾಂಡಕ್ಕೆ ಗೀರೂ ಬಿದ್ದಿರಲಿಲ್ಲ. ಸಾಹೇಬರು ಹಾಸಿಗೆ ಬಿಚ್ಚಿ, ಕಾಂಡವನ್ನು ಬಟ್ಟೆಯಲ್ಲಿ ಒರೆಸಿ, ಫೋಟೋ ತೆಗೆಸಿ ಕಾರ್ಖಾನೆಯ ಗೋಡೆಗೆ ಅಂಟಿಸಿದರು.

ಬೇಸಿಗೆಗೆ ತುದಿಯ ಕೊಂಬೆಗಳ ಎಲೆ ಹಳದಿಯಾಯಿತು.

“ಅದು ವಿಶ್ರಾಂತಿ ತಗೊಳ್ತಿದೆ,” ಎಂದರು ಸಾಹೇಬರು. ಎರಡು ಕೊಡ ನೀರು ಹೆಚ್ಚಿಗೆ ಸುರಿದರು.

ಎಲೆ ಉದುರಿತು. ನಾಲ್ಕು ಕೊಡ ಸುರಿದರು. ಹೆಂಡತಿ ನೆರಳಿದ್ದಲ್ಲಿಗೆ ಚಾಪೆ ಎಳೆಯುತ್ತಿದ್ದಳು. ಮೊದಲು ಎರಡು ಚಾಪೆಗೆ ಬಿಸಿಲು ಬಿತ್ತು, ಎಳೆದಳು. ಆಮೇಲೆ ಐದಕ್ಕೆ ಬಿತ್ತು. ಹೊಸ ಕೋಣೆಯೊಳಗೆ ಮಲಗಿಸಿದರೆ ತಾರಸಿಯ ಕಾವಿಗೆ ಮಕ್ಕಳು ಬೆವರಿ ಎದ್ದು ಅಳುತ್ತಿದ್ದವು. ಒಂದು ಮಗುವಿಗೆ ಮೂಗಿನಿಂದ ರಕ್ತ ಬಂತು. ಅದರ ತಾಯಿ ಸಂಜೆ ಬಂದವಳು ಚೀಲ, ಬಟ್ಟಲು ಎಲ್ಲ ಎತ್ತಿಕೊಂಡು ಹೋದಳು. ಚಾಪೆ ಹನ್ನೊಂದಾಯಿತು.

ಅಂದೇ ಹೆಂಡತಿ ಸಸಿ ಮಾರುವಾಕೆಯನ್ನು, ದಾರಿಯುದ್ದಕ್ಕೂ ಬೇರು, ಲಾರಿ, ಸಿಮೆಂಟಿನ ಕತೆ ಹೇಳುತ್ತ, ಕರೆತಂದಳು. ಆಕೆ ಕಟ್ಟೆಯನ್ನೂ ಬೇಲಿಯನ್ನೂ ನೋಡಿದಳು, ಕಾಂಡದ ತೊಗಟೆಯನ್ನು ಉಗುರಿನಿಂದ ಕೆರೆದಳು. ಹಸಿರು ಕಾಣಬೇಕಾದಲ್ಲಿ ಕಂದು ಬಣ್ಣವಿತ್ತು. ಇನ್ನೊಂದು ಕಡೆ ಕೆರೆದಳು. ಅಲ್ಲೂ ಅಷ್ಟೇ.

“ಈ ಬೇಲಿ ಯಾರು ಹಾಕಿದ್ದು ಸ್ವಾಮಿ?”

“ನಾನೇ. ಕಾಂಡಕ್ಕೆ ಒಂದು ಗೀರು ಬಿದ್ದಿಲ್ಲ ನೋಡಿ!”

“ಮರ ಕಾಂಡದಿಂದ ಉಣ್ಣುತ್ತಾ? ಅದರ ನೆರಳು ಎಲ್ಲಿ ತನಕ ಬೀಳ್ತಿತ್ತೋ ಅಲ್ಲಿ ತನಕನಾದ್ರೂ ಬೇರು ಇತ್ತು. ಬೇಲಿ ಅಲ್ಲಿ ಬರಬೇಕಿತ್ತು. ನೀವು ಬೇರು ಕಡಿಸಿ, ಉಳಿದಿದ್ದರ ಮೇಲೆ ಲಾರಿ ಓಡಿಸಿ, ಸಿಮೆಂಟು ನೀರು ಕುಡಿಸಿ, ಉಸಿರಾಡದ ಹಾಗೆ ಮಣ್ಣು ಮುಚ್ಚಿದ್ದೀರಿ. ಬೇರೆ ಏನಾದ್ರೂ ಮಾಡಿದ್ರಾ?”

“ನೀರು ಹಾಕಿದೆ,” ಎಂದರು ಸಾಹೇಬರು, ಸಣ್ಣ ದನಿಯಲ್ಲಿ.

“ಕೊಳೆಯೋದೊಂದು ಬಾಕಿ ಇತ್ತು, ಅದೂ ಆಯ್ತು.”

ಆಕೆಯ ಕಣ್ಣು ಎದುರು ಮನೆಯತ್ತ ಹೋಯಿತು. ಅಲ್ಲಿನ ದರ್ಜಿ ಹೋದ ವರ್ಷ ಮಹಡಿ ಕಟ್ಟಿಸಿದ್ದ. ಅವನ ಅಂಗಳದ ನೇರಳೆ ಮರ ಹಸಿರು ಉಕ್ಕಿಸಿಕೊಂಡು ನಿಂತಿತ್ತು. “ನೀವು ಮರಕ್ಕೆ ಏನು ಮಾಡಿದ್ರಿ ಅಣ್ಣಾ?” ಎಂದು ಆಕೆ ಕೂಗಿ ಕೇಳಿದಳು.

ದರ್ಜಿ ಗಾಬರಿಯಾಗಿ ಹೊರಗೆ ಬಂದ. “ನಾನೇನೂ ಮಾಡಿಲ್ಲಮ್ಮ! ಗೇಟು ಚಿಕ್ಕದು, ಲಾರಿ ಒಳಗೆ ಬರಲಿಲ್ಲ. ಎಲ್ಲಾ ರಸ್ತೆಯಲ್ಲೇ ಇಳಿಸಿ ತಲೆ ಮೇಲೆ ಹೊತ್ವಿ. ಅದಕ್ಕೂ ಸಾಹೇಬರು ಅಪಾಯ ಅಂತ ನನ್ನ ಮೇಲೆ ದೂರು ಕೊಟ್ಟಿದ್ರು.”

ಸತ್ತ ಮರ, ಕೆಳಗೆ ಮಕ್ಕಳು. ಇಂಥದಕ್ಕೆ ನಿಯಮ ಏನೆಂದು ಸಾಹೇಬರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಡಿಸಬೇಕು ಎಂದು ಅವರೇ ಹೇಳಬೇಕಾಯಿತು. ಹೇಳಿದರು. ಗರಗಸದವರು ಒಂದು ದಿನ ಪೂರ್ತಿ ಕೊಯ್ದರು. ಹೆಂಡತಿ ಮಕ್ಕಳನ್ನು ಒಳಗೆ ಕೂರಿಸಿಕೊಂಡು ಗಟ್ಟಿಯಾಗಿ ಹಾಡು ಹೇಳಿಸಿದಳು, ಸದ್ದು ಕೇಳದಿರಲೆಂದು. ಸಾಹೇಬರಿಗೆ ಎರಡೂ ಕೇಳಿಸಿತು. ಅಂದು ಅವರು ಊಟ ಮಾಡಲಿಲ್ಲ, ಮಾಡಿ ಎಂದು ಯಾರೂ ಹೇಳಲೂ ಇಲ್ಲ.

ಅಂದಿನಿಂದ ಮಧ್ಯಾಹ್ನವಾದರೆ ಹನ್ನೊಂದು ಮಕ್ಕಳು ಒಂದೇ ಹಗ್ಗ ಹಿಡಿದು ರಸ್ತೆ ದಾಟಿ ದರ್ಜಿಯ ಅಂಗಳಕ್ಕೆ ಹೋದರು. ಅವಳು ತಲೆಯ ಮೇಲೆ ಚಾಪೆ ಹೊತ್ತು ಹಿಂದೆ ನಡೆದಳು. ಅಂಗಳ ಬೇರೆಯವರದು. ದರ್ಜಿ ಎಷ್ಟು ದಿನ ಇರಿ ಎನ್ನುತ್ತಾನೋ ಅಷ್ಟು ದಿನ.

ಒಂದು ಮಧ್ಯಾಹ್ನ ಸಾಹೇಬರು ರಜೆ ಹಾಕಿ, ಚಾಪೆಗಳನ್ನು ತಾವೇ ಹೊತ್ತರು. ಹೆಂಡತಿ ಬೇಡ ಎನ್ನಲಿಲ್ಲ. ಹಾಸಿ ಮುಗಿಸಿ, ಬೆವರು ಒರೆಸಿಕೊಂಡು, ಮರಕ್ಕೆ ಒರಗಲು ಕೈ ಚಾಚಿದರು.

“ಮುಟ್ಬೇಡಿ!”

ಮೂರು ವರ್ಷದ ಹುಡುಗಿ ಚಾಪೆಯ ಮೇಲೆ ಎದ್ದು ಕೂತಿದ್ದಳು.

“ಯಾಕೆ ಪುಟ್ಟಿ?”

“ಇದೂ ಸತ್ತೋಗುತ್ತೆ.”

ಸಾಹೇಬರು ಹೆಂಡತಿಯ ಮುಖ ನೋಡಿದರು. “ನೀನು ಹೇಳಿಕೊಟ್ಟೆಯಾ?”

“ನಾನ್ಯಾಕೆ ಹೇಳಿಕೊಡ್ಲಿ? ಅವಳು ದಿನಾ ನೋಡ್ತಾನೇ ಇದ್ದಳಲ್ಲ.”

ಸಾಹೇಬರು ಕೈ ಹಿಂದಕ್ಕೆ ತೆಗೆದುಕೊಂಡು ಒಂದು ಹೆಜ್ಜೆ ಸರಿದರು.

“ಇನ್ನೂ ಆಚೆ,” ಎಂದಳು ಹುಡುಗಿ.

ಸರಿದರು.

“ಇನ್ನೂ.”

ಒಂದೊಂದೇ ಹೆಜ್ಜೆ ಸರಿಯುತ್ತ ಗೇಟು ದಾಟಿ ರಸ್ತೆಗೆ ಬಂದರು. ನೆತ್ತಿಯ ಮೇಲೆ ಸುಡುಬಿಸಿಲು ಬಿದ್ದಾಗ ಅವಳು “ಹ್ಞಾಂ, ಅಲ್ಲೇ ನಿಂತ್ಕೊಳ್ಳಿ,” ಎಂದು, ನಿಶ್ಚಿಂತೆಯಿಂದ ಮಗ್ಗುಲಾಗಿ ಮಲಗಿದಳು.