ಅತ್ತೆಯವರ ಕೈಗೆ ಮುತ್ತು ಕೊಟ್ಟವನು

ಮಕ್ಕಳೇ, ನನ್ನ ಅತ್ತೆಯವರ ಕೈಗೆ ಮುತ್ತು ಕೊಟ್ಟು ಜೀವಸಹಿತ ಉಳಿದ ಗಂಡಸು ಈ ಭೂಮಿಯ ಮೇಲೆ ಒಬ್ಬನೇ. ನಿಮ್ಮ ಮುತ್ತಜ್ಜನೂ ಅಂಥ ಸಾಹಸ ಮಾಡಿರಲಿಕ್ಕಿಲ್ಲ!

ಅವನು ಪೋಲೆಂಡಿನವನು. ಯುದ್ಧದಲ್ಲಿ ಊರು ಕಳೆದುಕೊಂಡು ಬಂದ ಆ ದೇಶದವರಿಗೆ ಕೊಲ್ಹಾಪುರದ ಹತ್ತಿರ ಕ್ಯಾಂಪ್ ಹಾಕಿದ್ದರು. ಕುಮಟೆಯ ನಮ್ಮ ಅಕ್ಕಿ ಗಿರಣಿಯ ಇಂಜಿನ್ ಕೆಟ್ಟು ಕೂತಾಗ ನಿಮ್ಮ ಅಜ್ಜ ಅಲ್ಲಿಂದ ಇಂಜಿನ್ ರಿಪೇರಿ ಬಲ್ಲ ಇವನನ್ನು ಕರೆತಂದರು. ಅಲ್ಲೇ ಹತ್ತಿರ ಹೊಳನಗದ್ದೆಯ ನಮ್ಮ ಮನೆಯಲ್ಲಿ ಜಗಲಿ ಪಕ್ಕದ ಕೋಣೆ ಅವನಿಗಾಯಿತು. ಬಂದ ದಿನವೇ ಟೊಪ್ಪಿ ತೆಗೆದು, ಸೊಂಟ ಬಗ್ಗಿಸಿ, ನೀರು ತಂದ ಅತ್ತೆಯವರ ಕೈ ಹಿಡಿದು ಮುತ್ತು ಕೊಟ್ಟ. ಅವನ ಊರಲ್ಲಿ ಹಿರಿಯ ಹೆಂಗಸರಿಗೆ ಅದೇ ನಮಸ್ಕಾರವಂತೆ. ಅತ್ತೆಯವರಿಗೆ ಅದು ಹೇಗೆ ಗೊತ್ತಿರಬೇಕು? ಬೇರೆ ಯಾರದೋ ಕೈ ಎಂಬಂತೆ ಅದನ್ನು ದೂರ ಚಾಚಿಕೊಂಡು ಬಾವಿಕಟ್ಟೆಗೆ ಹೋದರು. ಬೂದಿಯಲ್ಲಿ ತಿಕ್ಕಿದರು, ಸೀಗೆಯಲ್ಲಿ ತಿಕ್ಕಿದರು.

“ಇವನಿಗೆ ಎಂತ ಆಗಿದೆ?” ಎಂದು ಮಗನನ್ನು ಕೇಳಿದರು.

“ಅದು ಮರ್ಯಾದೆ, ಅಮ್ಮಾ.”

“ಆತು. ಮರ್ಯಾದೆ ದೂರದಿಂದ ಕೊಡೂಕೆ ಹೇಳು.”

ಅಂದಿನಿಂದ ಅವನು ದೂರದಿಂದಲೇ ಬಗ್ಗುತ್ತಿದ್ದ. ನಾನಂತೂ ಅವನು ಎದುರಾದರೆ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದೆ. ಪಾಪ, ಈ ಹುಡುಗಿಗೆ ಕೈಯೇ ಇಲ್ಲ ಎಂದು ಅವನು ತಿಂಗಳುಗಟ್ಟಲೆ ಮರುಗಿದನಂತೆ!

ನನ್ನ ಬಾಯಿಂದ ಕೇಳಿ ಅವನೂ ಅವರನ್ನು ‘ಅತ್ತೆ’ ಎಂದೇ ಕರೆಯತೊಡಗಿದ. “ಇವನಿಗೆ ನಾನು ಹೆಣ್ಣು ಕೊಟ್ಟದ್ದು ಯಾವಾಗ?” ಎಂದು ಅವರು ಗೊಣಗುತ್ತಲೇ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದರು.

ಊಟಕ್ಕೆ ಕೂತಾಗ ಅವನು ತನ್ನ ಪಕ್ಕದಲ್ಲಿ ಇನ್ನೊಂದು ಖಾಲಿ ಎಲೆ ಹಾಕಿಕೊಳ್ಳುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ. ಹೆಂಡತಿ ಇದ್ದಳು ಎಂಬುದಷ್ಟೇ ಗೊತ್ತಿತ್ತು. ಅತ್ತೆಯವರೇ ಲೆಕ್ಕ ಹಾಕಿದರು: ಹೆಂಡತಿ ತೀರಿಕೊಂಡಿದ್ದಾಳೆ, ಪರದೇಶದಲ್ಲಿ ಎಡೆ ಇಡುವ ಕ್ರಮ ಇವನಿಗೆ ತಿಳಿಯದು. ಮಹಾಲಯ ಅಮಾವಾಸ್ಯೆಯ ದಿನ ಆ ಎಲೆಗೆ ಅನ್ನ, ವಡೆ, ಪಾಯಸ ಬಡಿಸಿ, ಪಾಗಾರದ ಗೋಡೆಯ ಮೇಲಿಟ್ಟು ಕಾಗೆ ಕರೆದರು. ಕಾಗೆಗಳಿಗೆ ದೇಶಭೇದ ಉಂಟೇ? ಹಿಂಡಾಗಿ ಬಂದವು.

ವಿಷಯ ತಿಳಿದಾಗ, ಮೊದಲೇ ಬಿಳಿಯನಾದ ಅವನು ಇನ್ನೂ ಬಿಳಿಚಿದ.

“ಅವಳು ಸತ್ತಿಲ್ಲ ಅತ್ತೆ” ಎಂದ. ಅಷ್ಟೇ. ಮೂರು ದಿನ ಊಟಕ್ಕೆ ಬರಲಿಲ್ಲ.

ಆಮೇಲೆ ನಿಮ್ಮ ಅಜ್ಜನ ಹತ್ತಿರ ಎಲ್ಲ ಹೇಳಿದನಂತೆ. ಸೈನಿಕರು ಅವನನ್ನು ಒಂದು ರೈಲಿಗೆ, ಅವಳನ್ನು ಇನ್ನೊಂದಕ್ಕೆ ಹತ್ತಿಸಿದ್ದರು. ಮತ್ತೆ ಸುದ್ದಿಯಿಲ್ಲ. ಅವರಲ್ಲಿ ವರ್ಷಕ್ಕೊಮ್ಮೆ, ದೊಡ್ಡ ಹಬ್ಬದ ರಾತ್ರಿ, ಹೇಳದೆ ಬರುವವರಿಗಾಗಿ ಒಂದು ತಟ್ಟೆ ಹೆಚ್ಚು ಇಡುತ್ತಾರೆ. ಇವನಿಗೆ ಹಬ್ಬದವರೆಗೆ ಕಾಯುವ ತಾಳ್ಮೆಯಿರಲಿಲ್ಲ; ದಿನವೂ ಇಟ್ಟ.

ನಾಲ್ಕನೆಯ ದಿನ ಅತ್ತೆಯವರೇ ಜಗಲಿಯಲ್ಲಿ ಎರಡು ಎಲೆ ಹಾಕಿ, ಎರಡಕ್ಕೂ ಬಿಸಿ ಅನ್ನ ಬಡಿಸಿ, ಅವನ ಕೋಣೆಯ ಬಾಗಿಲು ತಟ್ಟಿದರು.

“ಏಳು. ಅವಳು ಬಂದರೆ ಖಾಲಿ ಎಲೆ ತೋರಿಸ್ತೆಯಾ?”

ಅವನು ಉಂಡೇಳುವವರೆಗೆ ಕೋಲು ಹಿಡಿದು ಕಾಗೆ ಓಡಿಸುತ್ತ ಕೂತರು. ಅಂದೊಂದೇ ದಿನವಲ್ಲ, ಅವನಿದ್ದಷ್ಟು ದಿನವೂ.

ಯುದ್ಧ ಮುಗಿದ ಮೇಲೆ ಕೊಲ್ಹಾಪುರದಿಂದ ಸುದ್ದಿ ಬಂತು. ಆಫ್ರಿಕದ ಒಂದು ಕ್ಯಾಂಪಿನ ಪಟ್ಟಿಯಲ್ಲಿ ಅದೇ ಹೆಸರಿನ ಹೆಂಗಸೊಬ್ಬಳಿದ್ದಳು. ಅವಳೇ ಹೌದೋ ಅಲ್ಲವೋ, ಹೋಗಿಯೇ ನೋಡಬೇಕಿತ್ತು.

ಅವನನ್ನು ಕಳಿಸಿಕೊಡಲು ಕುಮಟೆಯ ಮೋಟಾರು ಸ್ಟ್ಯಾಂಡಿಗೆ ಅತ್ತೆಯವರೂ ಬಂದರು. ಕೈಯಲ್ಲಿ ರವೆ ಉಂಡೆಯ ಎರಡು ಕಟ್ಟು.

“ಇದು ನಿಂಗೆ. ಇದು ಅವಳಿಗೆ. ಅವಳದ್ದನ್ನೂ ಹಡಗಲ್ಲಿ ತಿಂದು ಮುಗಿಸಬೇಡ.”

“ಇಲ್ಲ ಅತ್ತೆ.”

ಅವನು ಟೊಪ್ಪಿ ತೆಗೆದು, ಎಂದಿನಂತೆ ನಾಲ್ಕು ಹೆಜ್ಜೆ ದೂರ ನಿಂತು ಬಗ್ಗಿದ. ಆಗ ಅತ್ತೆಯವರು, ಅಷ್ಟು ಜನರ ಎದುರು, ತಮ್ಮ ಬಲಗೈ ಮುಂದೆ ಚಾಚಿದರು.

ಮನೆಗೆ ಬಂದು ನಾನು ಬೇಗ ಬೇಗ ನೀರು ಸೇದಿಟ್ಟೆ. ಅವರು ಬಾವಿಕಟ್ಟೆ ದಾಟಿ ನೇರ ಜಗಲಿಗೆ ಹೋಗಿ, ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತರು.